ಹಾಲಿನ ಕವರಿನ ಹಗ್ಗ

ಗುಂಡ್ಲುಪೇಟೆಯ ಆ ಬೀದಿಯಲ್ಲಿ ಪುಟ್ಟಬಸಮ್ಮನ ಮನೆ ಕೇಳಿದರೆ ಯಾರೂ ಬಾಗಿಲಿನ ನಂಬರು ಹೇಳುತ್ತಿರಲಿಲ್ಲ. ಹಾಲಿನ ಕವರ್ ಒಣಗಾಕಿರೋ ಮನೆ ಎನ್ನುತ್ತಿದ್ದರು. ಬೇವಿನ ಮರದಿಂದ ಕಿಟಕಿಯ ಸರಳಿಗೆ ಎಳೆದು ಕಟ್ಟಿದ ಹಗ್ಗದ ಮೇಲೆ, ಬೀದಿಯ ಕಸದಿಂದ ಆಯ್ದು ತೊಳೆದ ಕವರುಗಳು ಬಟ್ಟೆಯ ಹಾಗೆ ತೂಗುತ್ತಿದ್ದವು. ಒಣಗಿದ ಮೇಲೆ ತಳಕ್ಕೆ ದಬ್ಬಳದಿಂದ ತೂತು ಹಾಕಿ, ಮಣ್ಣುಗೊಬ್ಬರ ತುಂಬಿ, ನುಗ್ಗೆ, ಪರಂಗಿ, ಕರಿಬೇವಿನ ಸಸಿ ಎಬ್ಬಿಸುತ್ತಿದ್ದಳು. ಮಳೆ ಶುರುವಾದರೆ ಬೇಗೂರು ಕಡೆಯ ರೈತರು ಬಂದು ಕೊಂಡೊಯ್ಯುತ್ತಿದ್ದರು.

ಚಾಮರಾಜನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಮಗ ಸೋಮೇಶನಿಗೆ ಆ ಹಗ್ಗ ಕಂಡರೆ ಆಗದು. ಧಾರಾವಾಹಿಯ ಮನೆಗಳ ಮುಂದೆ ಹೂಕುಂಡ ಇರುತ್ತದೆ, ಹಾಲಿನ ಕವರ್ ಇರುವುದಿಲ್ಲ ಎಂಬುದು ಅವನ ವಾದ.

“ತಗುದ್ಬುಡವ್ವ. ಆಫೀಸ್ನೋರು ಬಂದ್ರೆ ನನ್ ಮಾನ ಓಯ್ತದೆ.”

“ಕವರ್ ನೋಡುದ್ರೆ ಓಗೋ ಮಾನ ಇದ್ರೆಷ್ಟು, ಬುಟ್ರೆಷ್ಟು ಕಣ್ಲಾ?”

ಹಗ್ಗವನ್ನು ಹಿತ್ತಲಿಗೆ ಕಟ್ಟೋಣವೆಂದರೆ ಅಲ್ಲಿ ಬಿಸಿಲಿರಲಿಲ್ಲ. ಒಂದು ಭಾನುವಾರ ಸೋಮೇಶ ಹಗ್ಗವನ್ನೇ ಕತ್ತರಿಸಿಬಿಟ್ಟ. ಅವಳು ಬತ್ತಿದ ಬಾವಿಯ ದಪ್ಪ ಹಗ್ಗ ತಂದು ಅದೇ ಜಾಗದಲ್ಲಿ ಕಟ್ಟಿದಳು.

೨೦೦೬ರ ಬೇಸಿಗೆಯಲ್ಲಿ ಕೇಬಲ್ ವಾಹಿನಿಯವನೊಬ್ಬ ಕ್ಯಾಮೆರಾ ಹಿಡಿದು ಬಂದ.

“ಅಜ್ಜಿ, ಈ ಕವರ್‌ಗಳನ್ನ ಇನ್ನೊಂದ್ಸಲ ತೊಳೀರಿ, ಶೂಟ್ ಮಾಡ್ಕೋತೀನಿ.”

“ತೊಳ್ದಿರೋದ್ನ ಯಾಕಪ್ಪ ತೊಳೀಲಿ? ನಲ್ಲೀಲಿ ನೀರ್ ಬಂದು ನಾಕ್ ದಿನ ಆಯ್ತು.”

“ಟಿ.ವಿ.ಲಿ ಬರ್ತೀರ ಅಜ್ಜಿ.”

“ಟಿ.ವಿ.ಲಿ ನೀರ್ ಬತ್ತದಾ?”

ಅದೇ ಕವರುಗಳನ್ನು ಕಂಡು ಮೂಗು ಮುರಿಯುತ್ತಿದ್ದ ಎದುರುಮನೆಯ ನಾಗಲಕ್ಷ್ಮಿ ಆಗ ರೇಷ್ಮೆ ಸೀರೆ ಉಟ್ಟು ಬಂದಳು. ಎರಡು ಕವರು ತೊಳೆದಳು, ಒಣಗಹಾಕಿದಳು, ನಕ್ಕಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಸಂಜೆ ಟಿ.ವಿ.ಯಲ್ಲಿ ಬಂದದ್ದೂ ಅಷ್ಟೇ.

ಮರುದಿನದಿಂದ ಬೀದಿಗೆ ಬೀದಿಯೇ ಹಗ್ಗ ಕಟ್ಟಿತು. “ನಾವೂ ಇನ್ನೊಂದ್ ಸಾಲು ಕಟ್ಟನ ಕಣವ್ವ” ಎಂದ ಸೋಮೇಶ. ಪುಟ್ಟಬಸಮ್ಮನ ಚಿಂತೆ ಬೇರೆ. ಕಸದಲ್ಲಿ ಈಗ ಒಂದು ಕವರೂ ಸಿಗುತ್ತಿರಲಿಲ್ಲ. ಬೀಜ ಊರುವ ಹೊತ್ತು ಮೀರುತ್ತಿತ್ತು. ಎದುರಿಗೆ ಮಾತ್ರ ಒಣಗಿದ ಕವರುಗಳು ಮತ್ತೂ ಒಣಗುತ್ತ, ಧೂಳು ಹಿಡಿಯುತ್ತ ತೂಗುತ್ತಿದ್ದವು. ಯಾರೂ ತೆಗೆಯಲಿಲ್ಲ.

ಒಂದು ಬೆಳಿಗ್ಗೆ ಪುಟ್ಟಬಸಮ್ಮ ಕುಕ್ಕೆ ಹಿಡಿದು ಬೀದಿ ದಾಟಿದಳು. ನಾಗಲಕ್ಷ್ಮಿಯ ಹಗ್ಗದಿಂದ ಕವರುಗಳನ್ನು ಬಿಚ್ಚತೊಡಗಿದಳು.

“ಏನಕ್ಕ ಇದು, ಅಗಲು ದರೋಡೆ! ನಮ್ ಕವರು ಅವು!”

“ಇವುನ್ನ ಏನ್ ಮಾಡೀಯ, ಏಳಮ್ಮಿ?”

“ತೊಳುದ್ ಒಣಗಾಕೋದು…”

“ಆಮ್ಯಾಕೆ?”

ನಾಗಲಕ್ಷ್ಮಿ ಹಗ್ಗ ನೋಡಿದಳು, ಕುಕ್ಕೆ ನೋಡಿದಳು. “ಟಿ.ವಿ.ಲಿ ಅಷ್ಟೇ ಅಲ್ವಾ ಬಂದಿದ್ದು?”

“ಮಿಕ್ಕಿದ್ದು ನನ್ ಅಂಗಳ್ದಲ್ಲಿ ಅದೆ. ಬೇಕಾದ್ರೆ ಬಂದು ನೋಡು.”

ಅಂದು ಆ ಬೀದಿಯ ಹಗ್ಗಗಳೆಲ್ಲ ಬರಿದಾದವು. ಬೈದವರಿದ್ದರು, ಅವಳು ನಿಲ್ಲಲಿಲ್ಲ. ಜೂನಿನಲ್ಲಿ ಅವಳ ಅಂಗಳದಲ್ಲಿ ಸಸಿಗಳ ನಡುವೆ ಕಾಲಿಡಲು ಜಾಗವಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಟಿ.ವಿ. ಬೇರೇನನ್ನೋ ತೋರಿಸುತ್ತಿತ್ತು. ಕವರುಗಳು ಮತ್ತೆ ಕಸಕ್ಕೆ ಬಿದ್ದವು, ಎದುರುಮನೆಯ ಹಗ್ಗವೂ ಇಳಿಯಿತು.

“ಈಗ ಯಾರೂ ಕಟ್ಟಿಲ್ಲ ಕಣವ್ವ, ನಾವೂ ಬಿಚ್ಬುಡನ” ಎಂದ ಸೋಮೇಶ.

ಹಗ್ಗ ನಡುವೆ ಜೋತುಬಿದ್ದಿತ್ತು. ಪುಟ್ಟಬಸಮ್ಮ ಬೇವಿನ ಮರದ ಗಂಟು ಬಿಚ್ಚಿ, ತುದಿಯನ್ನು ಅವನ ಕೈಗೆ ಕೊಟ್ಟಳು.

“ಯಾರೂ ಕಟ್ದೆ ಇದ್ದಾಗ್ಲೇ ನಾನು ಕಟ್ಟಿದ್ದು. ಬಿಗಿಯಾಗಿ ಎಳಿ.”

ಅವನು ಎಳೆದ.