ಎಡಗಿವಿಯ ಇಯರ್‌ಬಡ್

ಶಿವಾರಪಟ್ಟಣದ ನಮ್ಮ ಶೆಡ್ಡಿನಲ್ಲಿ ವಿಗ್ರಹಕ್ಕೆ ಪಾಲಿಶ್ ಹಾಕುತ್ತಾ ಹಾಡು ಕೇಳುವುದು ನನ್ನ ಚಟ. ಒಂದು ದಿನ ಎಡಗಡೆಯ ಇಯರ್‌ಬಡ್ ಸುಮ್ಮನಾಯಿತು. ಕಲ್ಲಿನ ಧೂಳು ಹೊಕ್ಕಿದೆ ಎಂದುಕೊಂಡೆ. ಬೇರೆ ಏನನ್ನೂ ಅಂದುಕೊಳ್ಳಲು ನನಗೆ ಧೈರ್ಯವಿರಲಿಲ್ಲ. ನಾವು ಕಲ್ಲು ಆರಿಸುವುದು ಕಿವಿಯಿಂದ. ಸುತ್ತಿಗೆಯಿಂದ ತಟ್ಟಿದಾಗ ಗಂಟೆಯ ಹಾಗೆ ಠಣ್ ಎಂದರೆ ಒಳ್ಳೆಯ ಕಲ್ಲು, ಬದ್ ಎಂದರೆ ಒಳಗೆಲ್ಲೋ ಬಿರುಕು. ಕಿವಿ ಕೈಕೊಟ್ಟರೆ ತಿಂಗಳುಗಟ್ಟಲೆ ಕೆತ್ತಿದ ಮೇಲೆ ಆ ಬಿರುಕು ಕಣ್ಣಿಗೆ ಬೀಳುತ್ತದೆ.

ಹಾಗಾಗಿ ತಪ್ಪು ಇಯರ್‌ಬಡ್‌ನದ್ದೇ ಎಂದು ಸಾಬೀತು ಮಾಡಲು ಪಣ ತೊಟ್ಟೆ. ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿದೆ. ಮೊಬೈಲಿನಿಂದ ಅದರ ಹೆಸರನ್ನೇ ಅಳಿಸಿ ಹೊಸದಾಗಿ ಜೋಡಿಸಿದೆ. ಡಬ್ಬಿಯ ಗುಂಡಿಯನ್ನು ಒತ್ತಿ ಹಿಡಿದು ರೀಸೆಟ್ ಮಾಡಿದೆ, ಹಳೆಯ ಟೂತ್‌ಬ್ರಷ್‌ನಿಂದ ಜಾಲರಿ ಉಜ್ಜಿದೆ. ಏನೂ ಪ್ರಯೋಜನವಾಗಲಿಲ್ಲ.

ಮಾಲೂರಿನ ಮೊಬೈಲ್ ಅಂಗಡಿಯವನು ಎರಡನ್ನೂ ಒರೆಸಿ ತನ್ನ ಕಿವಿಗೆ ಸಿಕ್ಕಿಸಿಕೊಂಡ.

"ಎರಡೂ ಚೆನ್ನಾಗೇ ಕೇಳ್ತಾ ಇದಾವಲ್ಲಣ್ಣ!"

"ನಿನ್ನ ಅಂಗಡೀಲಿ ಕೇಳ್ತವೆ, ನನ್ನ ಶೆಡ್ಡಲ್ಲಿ ಕೇಳಲ್ಲ," ಎಂದು ರೇಗಿ ಬೈಕ್ ಹತ್ತಿದವನು ಸೀದಾ ಕೋಲಾರಕ್ಕೆ ಹೋದೆ. ಅಲ್ಲಿಯ ಅಂಗಡಿಯಲ್ಲೂ ಅದೇ ಮಾತು. ಇಬ್ಬರಿಗೂ ಕೆಲಸ ಬರುವುದಿಲ್ಲ ಎಂದು ತೀರ್ಮಾನಿಸಿ ಮನೆಗೆ ಬಂದೆ.

"ಬಲಗಡೇದನ್ನ ಎಡಗಡೆ ಕಿವಿಗೆ ಹಾಕ್ಕೊಂಡು ನೋಡ್ರೀ. ಇಷ್ಟಕ್ಕೆ ಕೋಲಾರ ಸುತ್ತಬೇಕಿತ್ತಾ?" ಎಂದಳು ಹೆಂಡತಿ.

ಅದು ನನಗೆ ಮೊದಲ ದಿನವೇ ಹೊಳೆದಿತ್ತು. ಹೆದರಿ ಮಾಡಿರಲಿಲ್ಲ, ಅಷ್ಟೇ. ಅವಳೆದುರು ತಪ್ಪಿಸಿಕೊಳ್ಳಲಾಗದೆ ಅದಲು ಬದಲು ಮಾಡಿದೆ. ಕೆಟ್ಟಿದೆ ಎಂದುಕೊಂಡಿದ್ದ ಬಡ್ ಬಲಗಿವಿಯಲ್ಲಿ ಸೊಗಸಾಗಿ ಹಾಡಿತು. ಎಡಗಿವಿಯಲ್ಲಿ ಏನೂ ಇಲ್ಲ.

ಆದರೂ ಬಿಡಲಿಲ್ಲ. ಶೆಡ್ಡಿಗೆ ಹೋಗಿ ಹೊಸ ಕಲ್ಲೊಂದನ್ನು ತಟ್ಟಿದೆ. ತಲೆ ತಾನಾಗಿ ಓರೆಯಾಗಿ ಬಲಗಿವಿ ಕಲ್ಲಿನತ್ತ ಹೋಯಿತು. ನನಗೆ ವಿದ್ಯೆ ಕಲಿಸಿದ ಅಪ್ಪ ತಟ್ಟುತ್ತಿದ್ದುದು ಹೀಗೆಯೇ. ಅವರ ಹತ್ತಿರ ಕಲಿತ ನಾವೆಲ್ಲ ತಟ್ಟುವುದೂ ಹೀಗೆಯೇ. ಅದೂ ವಿದ್ಯೆಯ ಒಂದು ಭಾಗ ಎಂದೇ ನಂಬಿದ್ದೆವು.

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪನ ಬಲಕ್ಕೆ ಹೋಗಿ ಕುಳಿತೆ.

"ಅಪ್ಪಾ, ನಿಮಗೆ ಎಡಗಿವಿ ಯಾವಾಗಿಂದ ಕೇಳಲ್ಲ?"

ಅಪ್ಪ ಲೋಟ ಕೆಳಗಿಟ್ಟರು. "ನಿನ್ನ ಮದುವೆಗೂ ಮುಂಚಿಂದ ಕಣೋ. ನೀವೆಲ್ಲ ನನ್ನ ಹಂಗೇ ತಲೆ ವಾಲಿಸೋಕೆ ಶುರು ಮಾಡಿದ್ರಿ. ಕೇಳಲ್ಲ ಅಂತ ಹೆಂಗೆ ಹೇಳ್ಲಿ? ಆಮೇಲೆ ಯಾರು ನನ್ ಹತ್ರ ಕಲ್ಲು ತೋರಿಸೋಕೆ ಬರ್ತಿದ್ರು?"

ನನಗೆ ಕೆಟ್ಟ ಸಿಟ್ಟು ಬಂತು. ಒಂದು ಮಾತು ಹೇಳಿದ್ದರೆ ಕಲ್ಲು ಕೊರೆಯುವ ಗ್ರೈಂಡರ್ ಹಿಡಿಯುವ ಮೊದಲು ಅದರ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅಯ್ಯೋ ಪಾಪ ಎಂದೂ ಅನಿಸಿತು. "ನಾಳೆ ಕಿವಿ ಡಾಕ್ಟರ ಹತ್ರ ಹೋಗ್ತೀನಿ. ನೀವೂ ಬರ್ತೀರಿ," ಎಂದೆ.

ಅಪ್ಪನ ಹಾಗೆ ಬಾಯಿ ಮುಚ್ಚಿಕೊಂಡಿರುವುದು ನನ್ನಿಂದಾಗದು. ಬೆಳಿಗ್ಗೆ ಹೊರಡುವ ಮುಂಚೆ ಶೆಡ್ಡಿನಲ್ಲಿ ಗ್ರೈಂಡರ್‌ಗಳನ್ನು ನಿಲ್ಲಿಸಿ, ನನಗೆ ಎಡಗಿವಿ ಕೇಳಿಸುವುದಿಲ್ಲ ಎಂದು ಹೇಳಿದೆ. ಯಾರೂ ನಗಲಿಲ್ಲ. ಅಲ್ಲಿದ್ದ ಮೂವರೂ ಅಪ್ಪನ ಶಿಷ್ಯರೇ. ಒಬ್ಬೊಬ್ಬರಿಗೂ ಇಯರ್‌ಬಡ್ ಕೊಟ್ಟು ಎಡಗಿವಿಗೆ ಹಾಕಿಕೊಳ್ಳಲು ಹೇಳಿದೆ. ಇಬ್ಬರು ಹಾಡು ಕೇಳಿ ತಲೆಯಾಡಿಸಿದರು. ಮೂರನೆಯವನು ಅದನ್ನು ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಇದು ಕೆಟ್ಟೋಗೈತೆ ಕಣಣ್ಣ," ಎಂದ.