ಚಿಕ್ಕಮುನಿಯಪ್ಪ ಸತ್ತ ಕಾರಣ

ವೆಂಕಟರತ್ನಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ಕ್ಯಾಸಂಬಳ್ಳಿಯ ಡೇರಿಯವರಿಂದ ಹಿಡಿದು ಗಂಡ ಚಿಕ್ಕಮುನಿಯಪ್ಪನವರೆಗೆ ಎಲ್ಲರಿಗೂ ಅದು ಗೊತ್ತಿತ್ತು.

ಚಿಕ್ಕಮುನಿಯಪ್ಪ ಕೋರಮಂಡಲ್ ಚಿನ್ನದ ಗಣಿಯ ಆಳದಲ್ಲಿ ಇಪ್ಪತ್ತೈದು ವರ್ಷ ಬಂಡೆ ಕೊರೆದವನು. ಗಣಿ ಮುಚ್ಚಿದ ಮೇಲೆ ಎರಡು ಸೀಮೆಹಸು ಕಟ್ಟಿಕೊಂಡು ಬದುಕಿದ. ಆಮೇಲೆ ಕೆಮ್ಮು ಹತ್ತಿತು. ವೆಂಕಟರತ್ನಮ್ಮ ಚಿಕ್ಕವಳಿದ್ದಾಗಲೇ ತಾಯಿಯನ್ನೂ ಇಬ್ಬರು ತಮ್ಮಂದಿರನ್ನೂ ಟಿ.ಬಿ.ಗೆ ಕಳೆದುಕೊಂಡಿದ್ದಳು. ಕೆಮ್ಮು ಕೇಳಿದ್ದೇ ತಡ, ಗಂಡನ ತಟ್ಟೆ, ಲೋಟ, ಹಾಸಿಗೆ ಎಲ್ಲ ಕೊಟ್ಟಿಗೆ ಪಕ್ಕದ ಜಗಲಿಗೆ ಹೋದವು. ಮೊಮ್ಮಗಳು ಲಿಖಿತ ಹುಟ್ಟಿದಾಗ ದೂರದಿಂದಲೇ ತೋರಿಸಿದಳು.

“ಇದು ಗಣಿ ಧೂಳು ಕಣೇ. ಆಸ್ಪತ್ರೇಲಿ ಟಿ.ಬಿ. ಇಲ್ಲ ಅಂದವ್ರೆ,” ಎಂದು ಅವನು ಚೀಟಿ ತಂದು ಹಿಡಿದ.

“ಗಣಿ ಬಿಟ್ಟು ಇಪ್ಪತ್ತೊರ್ಸ ಆಯ್ತು, ಇನ್ನೆಲ್ಲೀ ಧೂಳು? ಮಗೂನ ಎತ್ಕೊಳ್ಳಕ್ಕೆ ಸುಳ್ಳು ಏಳ್ಬೇಡ!”

ಚೀಟಿಯ ಇಂಗ್ಲಿಷು ಮನೆಯಲ್ಲಿ ಯಾರಿಗೂ ಬಾರದು. ಓದಿಸಿ ಕೇಳುವ ಗೋಜಿಗೂ ಅವಳು ಹೋಗಲಿಲ್ಲ. ಅವನು ಮತ್ತೆ ಆ ಮಾತು ಎತ್ತಲಿಲ್ಲ, ಪಾಪ.

ಆರು ವರ್ಷ ಹಾಗೇ ಕಳೆದು, ಹೋದ ಮಾಘದಲ್ಲಿ ಜಗಲಿಯ ಮೇಲೆಯೇ ತೀರಿಕೊಂಡ. ನಮ್ಮ ಕಡೆ ಮನೆಯಲ್ಲಿ ಸತ್ತವರಿಗೆ ಮನೆಯವರು ಹೇಳಿದ್ದೇ ಕಾಯಿಲೆ. ಪಂಚಾಯ್ತಿ ಪುಸ್ತಕ ತೆರೆದರೆ ಜನ ಸಾಯುವುದು ಎರಡರಿಂದಲೇ, ಒಂದು ವಯಸ್ಸು, ಇನ್ನೊಂದು ಎದೆನೋವು. ವೆಂಕಟರತ್ನಮ್ಮ ಮಾತ್ರ ಸರ್ಕಾರಕ್ಕೆ ಸುಳ್ಳು ಹೇಳಬಾರದೆಂದು ಹಟ ಹಿಡಿದು ಟಿ.ಬಿ. ಅಂತಲೇ ಬರೆಸಿ ಬಂದಳು.

ಮೂರು ತಿಂಗಳಿಗೆ, ಸಾವಿನ ಕಾರಣ ವಿಚಾರಿಸಲು ಸರ್ಕಾರದ ಕಡೆಯಿಂದ ಸುಮಿತಾ ಎಂಬ ಹುಡುಗಿ ಬಂದಳು. ಕೆಮ್ಮು ಎಷ್ಟು ವರ್ಷ, ಜ್ವರ ಬರುತ್ತಿತ್ತೇ, ಏನು ಕೆಲಸ ಮಾಡುತ್ತಿದ್ದರು ಎಂದು ಪ್ರಶ್ನೆ ಮೇಲೆ ಪ್ರಶ್ನೆ. ಆಸ್ಪತ್ರೆ ಚೀಟಿಗಳನ್ನೆಲ್ಲ ತರಿಸಿ ಒಂದೊಂದಾಗಿ ಓದಿದಳು.

“ಅಮ್ಮಾ, ಮೂರು ಸಲ ಕಫ ಪರೀಕ್ಷೆ ಮಾಡವ್ರೆ. ಟಿ.ಬಿ. ಇಲ್ಲ. ಕಲ್ಲಿನ ಧೂಳು ಶ್ವಾಸಕೋಶದಾಗೆ ಕೂತದೆ ಅಂತ ಡಾಕ್ಟ್ರು ಬರ್ದವ್ರೆ.”

“ಅದು ಒಬ್ರಿಂದ ಒಬ್ರಿಗೆ ಅಂಟ್ತದಾ?”

“ಇಲ್ಲಮ್ಮ. ಧೂಳು ಎಂಗೆ ಅಂಟ್ತದೆ?”

ವೆಂಕಟರತ್ನಮ್ಮ ಕೊಟ್ಟಿಗೆ ಪಕ್ಕದ ಜಗಲಿಯ ಕಡೆ ತಿರುಗಿದಳು. 

“ಅಂಗಾರೆ ಅವರು ಮಗೂನ ಎತ್ಕೊಂಡಿದ್ರೆ ಏನೂ ಆಗ್ತಿರ್ಲಿಲ್ವಾ?”

ಸುಮಿತಾ ಚೀಟಿಯಿಂದ ತಲೆ ಎತ್ತಲಿಲ್ಲ.

“ಏನೂ ಆಗ್ತಿರ್ಲಿಲ್ಲಮ್ಮ.”

ಗಂಡನನ್ನು ಮಣ್ಣು ಮಾಡಿದ ದಿನವೂ ಮೊಮ್ಮಗಳನ್ನು ಹೆಣದ ಹತ್ತಿರ ಬಿಡದೆ ತಡೆದವಳು, ಈಗ ಬಾಯಿ ಬಡಿದುಕೊಂಡು ಅತ್ತಳು.