ತೊಟ್ಟಿ ತಟ್ಟುವ ಹೆಸ್ಕೆತ್

ಓಲ್ಡಮ್ ಪಟ್ಟಣದ ನಮ್ಮ ಬೀದಿಯಲ್ಲಿ ಯಾರೇ ಅಂಗಡಿ ನವೀಕರಿಸಲಿ, ಕಸ ತುಂಬುವ ಕಬ್ಬಿಣದ ತೊಟ್ಟಿಯನ್ನು, ಅಂದರೆ ಸ್ಕಿಪ್ಪನ್ನು, ಬಾಡಿಗೆಗೆ ತಂದಿಳಿಸುವವನು ಹೆಸ್ಕೆತ್ತೇ. ಲಾರಿಯಿಂದ ಅವನಿಗಿಂತ ಮೊದಲು ಅವನ ಬೈಗುಳ ಇಳಿಯುತ್ತದೆ. ತೊಟ್ಟಿಯ ಅಂಚಿಗಿಂತ ಒಂದೇ ಒಂದು ಇಟ್ಟಿಗೆ ಮೇಲೆದ್ದಿದ್ದರೂ "ಇದೇನು ಮದುವೆ ಕೇಕಾ? ಇಳ್ಸಿ ಮೊದ್ಲು" ಎಂದು ಗದರಿ, ಇಳಿಸುವವರೆಗೆ ಚಹಾ ಹೀರುತ್ತ ಕೂರುತ್ತಾನೆ. ನನ್ನ ಚಪ್ಪಲಿ ಅಂಗಡಿಯ ಹಳೇ ಗಾರೆ, ಮುರಿದ ಕಪಾಟುಗಳ ನಡುವೆ ನೆರೆಯವರು ಕದ್ದು ತುರುಕಿದ ಹಾಸಿಗೆ ಕಂಡರೆ, "ಎಂಟ್ವಿಸಲ್ ಅಜ್ಜೀದು, ಬೆಕ್ಕಿನ ವಾಸ್ನೆ ನೋಡಿ" ಎಂದು ಅಲ್ಲೇ ತೀರ್ಪು ಕೊಡುತ್ತಾನೆ. ಇಂಥವನು ತೊಟ್ಟಿಯನ್ನು ಲಾರಿಗೆತ್ತಲು ಸರಪಳಿ ಸಿಕ್ಕಿಸುವ ಮುಂಚೆ ಮಾತ್ರ ಟೋಪಿ ತೆಗೆದು, ತೊಟ್ಟಿಯ ಮೈಗೆ ಮೂರು ಸಲ ತಟ್ಟಿ, ಕಿವಿಯಿಟ್ಟು ಕಾಯುತ್ತಾನೆ. ಚಳಿಗೆ ಒಳಗೆ ಮನೆಯಿಲ್ಲದವರು ಯಾರಾದರೂ ಮಲಗಿರಬಹುದೆಂದು ಈ ಕಸುಬಿನವರು ಎತ್ತುವ ಮೊದಲು ತಟ್ಟುವುದುಂಟು. ಹೆಸ್ಕೆತ್ ಖಾಲಿ ತೊಟ್ಟಿಯನ್ನು ಇಳಿಸಿದಾಗಲೂ ತಟ್ಟುತ್ತಾನೆ. ಯಾಕೆಂದು ಕೇಳಿದರೆ, "ಒಂದ್ಸಲ ತಟ್ಟದೇ ಎತ್ಬಿಟ್ಟಿದ್ದೆ" ಎಂದಷ್ಟೇ ಹೇಳಿ ಚಹಾದ ಲೋಟದೊಳಕ್ಕೆ ನೋಡುತ್ತಾನೆ. ನಿನ್ನೆ ಮಟಮಟ ಮಧ್ಯಾಹ್ನ ಅವನು ಖಾಲಿ ತೊಟ್ಟಿ ಇಳಿಸಿದಾಗ, ತಮಾಷೆಗೆಂದು ನಾನೇ ಮೊದಲು ಮೂರು ಸಲ ತಟ್ಟಿದೆ. ಒಳಗಿನಿಂದ ಯಾರೋ ಮೂರು ಸಲ ತಿರುಗಿ ತಟ್ಟಿದರು. ಇಣುಕಿದೆ; ತಳದಲ್ಲಿ ಒಂದಿಷ್ಟು ಮಳೆನೀರು ಬಿಟ್ಟರೆ ಏನೂ ಇರಲಿಲ್ಲ. ಹೆಸ್ಕೆತ್ ಬಯ್ಯಲಿಲ್ಲ. ನನ್ನ ಕೈಯನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ, ಟೋಪಿ ತೆಗೆದು, ಕಬ್ಬಿಣಕ್ಕೆ ಬಾಯಿ ಹಚ್ಚಿ, ನಾನೆಂದೂ ಕೇಳಿರದ ಮೆತ್ತಗಿನ ದನಿಯಲ್ಲಿ ಹೇಳಿದ: "ಇಲ್ಲ ತಮ್ಮಾ, ಈಗ ಎತ್ತಲ್ಲ. ಮಲ್ಕೋ."